ಕಸ್ತೂರೆಮ್ಮನ ಗುಮಾನಿ

ಬಾಗಿಲು ಹಾಕಿಕೊಂಡು ಮಾತಾಡುವವರನ್ನು ಕಂಡರೆ ಕಸ್ತೂರೆಮ್ಮನಿಗೆ ಮೊದಲಿನಿಂದಲೂ ಆಗುವುದಿಲ್ಲ. ಈಗ ನೋಡಿದರೆ ಹೊಟ್ಟೆಯಲ್ಲಿ ಹುಟ್ಟಿದ ಮಗಳೇ ಬಾಗಿಲ ಆ ಕಡೆ, ತಾನು ಈ ಕಡೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ. ಕೊಪ್ಪಳದ ಪಕ್ಕದ ಭಾಗ್ಯನಗರದ ಆ ಓಣಿಯ ಮನೆಯಲ್ಲಿ ಕೆಳಗೆ ಹೆಂಗಸರು ಕೂತು ವಿಗ್ಗಿನ ವ್ಯಾಪಾರಕ್ಕೆ ಹೋಗುವ ಸಿಕ್ಕು ಕೂದಲು ಬಿಡಿಸುತ್ತಿದ್ದರು. ಮೇಲೆ ಇದೊಂದೇ ಕೋಣೆ, ಬಾಗಿಲಿಗೆ ‘ಶೋಭಾರಾಣಿ, ಆಪ್ತ ಸಮಾಲೋಚಕರು’ ಎಂಬ ಹಲಗೆ. ಎಷ್ಟು ಕಿವಿ ಚೂಪು ಮಾಡಿದರೂ ಕೆಳಗಿನವರ ಹರಟೆ ಬಿಟ್ಟು ಬೇರೇನೂ ಕೇಳಲಿಲ್ಲ.

ಶ್ವೇತಾ ಕೊಪ್ಪಳದಲ್ಲಿ ನರ್ಸಿಂಗ್ ಓದುತ್ತಿದ್ದವಳು. ಎರಡು ತಿಂಗಳ ಹಿಂದೆ ಹಾಸ್ಟೆಲಿನಿಂದ ಯಲಬುರ್ಗಾದ ಮನೆಗೆ ಬಂದು ಬ್ಯಾಗು ಮೂಲೆಗೆ ಒಗೆದು ಗೋಡೆ ಕಡೆ ಮುಖ ಮಾಡಿ ಮಲಗಿದಳು, ಅಷ್ಟೇ. ಏನಾಯಿತು ಎಂದರೆ “ಏನಿಲ್ಲ.” ಕಸ್ತೂರೆಮ್ಮ ಮುದ್ದು ಮಾಡಿ ಕೇಳಿದಳು, ಬೈದು ಕೇಳಿದಳು, ದೇವರ ಆಣೆ ಹಾಕಿಸಿ ಕೇಳಿದಳು, ಮಗಳು ಜಳಕಕ್ಕೆ ಹೋದಾಗ ಬ್ಯಾಗು ತಡಕಾಡಿದಳು. ಏನೂ ಸಿಗಲಿಲ್ಲ. ಶಾಲೆಯ ಬಿಸಿಯೂಟದಲ್ಲಿ ದಿನಾ ಇನ್ನೂರು ಮಕ್ಕಳಿಗೆ ಬಡಿಸುವವಳು ಅವಳು, ಮನೆಯಲ್ಲಿ ಸ್ವಂತ ಮಗಳ ತಟ್ಟೆ ಹಾಗೇ ವಾಪಸ್ ಬರುವುದನ್ನು ನೋಡಬೇಕಾಯಿತು. ಈ ಹುಡುಗಿ ಏನಾದರೂ ಮಾಡಿಕೊಂಡುಬಿಟ್ಟರೆ ಎಂಬ ಭಯಕ್ಕೆ ಅವಳಿಗೂ ತುತ್ತು ಇಳಿಯುತ್ತಿರಲಿಲ್ಲ. ಕೊನೆಗೆ ಕೊಪ್ಪಳದ ಡಾಕ್ಟರೊಬ್ಬರು ಪರೀಕ್ಷೆ ಮಾಡಿ, ಮೈಗೆ ಏನೂ ಆಗಿಲ್ಲ, ಇವರ ಹತ್ತಿರ ಹೋಗಿ ಎಂದು ಇಲ್ಲಿಗೆ ಕಳಿಸಿದ್ದರು.

ಮೊದಲ ದಿನವೇ ಶೋಭಾರಾಣಿ ತಾಯಿ ಮಗಳನ್ನು ಎದುರಿಗೆ ಕೂಡಿಸಿಕೊಂಡು ಎಲ್ಲ ಬಿಚ್ಚಿ ಹೇಳಿದ್ದಳು.

“ನಾ ಗುಳಿಗಿ ಕೊಡಾಕಿ ಅಲ್ರಿ. ಹಿಂಗ ಮಾಡು, ಹಂಗ ಮಾಡು ಅಂತ ಹೇಳಾಕಿನೂ ಅಲ್ಲ. ಏನ್ ಬದಲಾಗಬೇಕು ಅನ್ನೋದನ್ನ ಶ್ವೇತಾನ ಹೇಳಬೇಕು, ದಾರಿ ಇಬ್ರೂ ಕೂಡಿ ಹುಡುಕತೀವಿ. ಯಾವ ಮಾತು ಬ್ಯಾಡ ಅನಸ್ತೈತಿ, ಅಲ್ಲೇ ನಿಲ್ಲಸತೀವಿ. ಇಲ್ಲಿ ಆಡಿದ್ದು ಹೊರಗ ಹೋಗೂದಿಲ್ಲ. ಜೀವಕ್ಕ ಅಪಾಯ ಐತಿ ಅನಿಸಿದ್ರ ಮಾತ್ರ ನಿಮಗ ಹೇಳತೀನಿ.”

“ತಾಯಿಗೂ ಹೇಳೂದಿಲ್ಲೇನ್ರಿ?”

“ತಾಯಿಗೂ ಹೇಳೂದಿಲ್ರಿ.”

ಇದೆಂಥ ಚಿಕಿತ್ಸೆಯೋ! ಮಕ್ಕಳು ತಟ್ಟೆ ಹಿಡಿದು ಸಾಲಾಗಿ ನಿಂತಾಗ, ಸಾರಿಗೆ ಏನು ಹಾಕಲಿ ಎಂದು ಅವರನ್ನೇ ಕೇಳಿದ ಹಾಗಾಯಿತು. ಇವಳಿಗೆ ಕೆಲಸ ಬರುವುದಿಲ್ಲ, ಬಂದರೂ ಅದು ಮನೆ ಮುರಿಯುವ ಕೆಲಸ ಎಂದು ಕಸ್ತೂರೆಮ್ಮ ಅಂದೇ ತೀರ್ಮಾನಿಸಿದಳು. ಎರಡನೆಯ ವಾರ ಮಗಳು ಅತ್ತು ಕಣ್ಣು ಕೆಂಪು ಮಾಡಿಕೊಂಡು ಹೊರಬಂದಳು. ಮೂರನೆಯ ವಾರ ಒಳಗಿನಿಂದ ಶ್ವೇತಾ ನಕ್ಕದ್ದು ಕೇಳಿಸಿತು. ಮಗಳ ಅಳುವನ್ನಾದರೂ ತಾಳಿಕೊಂಡಿದ್ದ ತಾಯಿಗೆ ಆ ನಗು ಸಹಿಸಲಾಗಲಿಲ್ಲ. ಎರಡು ತಿಂಗಳಿಂದ ನನ್ನೆದುರು ತುಟಿ ಬಿಚ್ಚದವಳು ಆ ಪರಕೀಯಳ ಮುಂದೆ ನಗುತ್ತಾಳೆಂದರೆ, ಏನೋ ಮಸಲತ್ತು ನಡೆದಿರಲೇಬೇಕು.

ನಾಲ್ಕನೆಯ ವಾರದ ಶನಿವಾರ, ಸಂತೆಗೆ ಹೋಗಿ ಬರುತ್ತೇನೆಂದು ಮಗಳಿಗೆ ಹೇಳಿ ಒಬ್ಬಳೇ ಕೊಪ್ಪಳದ ಬಸ್ಸು ಹತ್ತಿದಳು. ತಾನೂ ಪೇಷಂಟೇ ಎಂದು ಒಳಗೆ ಹೋಗಿ ಕೂಡುವುದು, ಮಾತಿಗೆ ಮಾತು ಸೇರಿಸಿ ಒಳಗಿನದನ್ನು ಹೊರಗೆಳೆಯುವುದು, ಇದು ಅವಳ ಹೂಟ. ದಾರಿಯುದ್ದಕ್ಕೂ ಸುಳ್ಳನ್ನು ಬಾಯಿಪಾಠ ಮಾಡಿದಳು.

“ಮೊದಲ ಹೇಳಿಬಿಡತೀನ್ರಿ,” ಎಂದಳು ಶೋಭಾರಾಣಿ. “ಶ್ವೇತಾನ ಬಗ್ಗೆ ಕೇಳಾಕ ಬಂದಿದ್ರ ಚಾ ಕುಡದು ಹೋಗ್ರಿ. ನಿಮ್ಮ ಬಗ್ಗೆ ಆದ್ರ ಕೂಡ್ರಿ.”

“ನಂದ ಐತ್ರಿ. ನಿದ್ದಿ ಬರವಲ್ದು, ಎರಡ ತಿಂಗಳಾತು.”

“ನಾ ಬರಕೊಳ್ಳಲೇನ್ರಿ, ಬ್ಯಾಡೇನ್ರಿ?”

“ಬ್ಯಾಡ್ರಿ,” ಎಂದಳು ಕಸ್ತೂರೆಮ್ಮ ಗಡಸಾಗಿ. ಶೋಭಾರಾಣಿ ಪೆನ್ನಿಗೆ ಮುಚ್ಚಳ ಹಾಕಿ ಪುಸ್ತಕ ಮಡಚಿಟ್ಟಳು. ತನ್ನ ಬೇಡ ಎಂಬ ಮಾತಿಗೆ ಯಾರಾದರೂ ಇಷ್ಟು ಬೇಗ ಬೆಲೆ ಕೊಟ್ಟದ್ದು ಕಸ್ತೂರೆಮ್ಮನಿಗೆ ನೆನಪಿರಲಿಲ್ಲ.

“ಅದಕ್ಕೂ ಮೊದಲ ಛಲೋ ನಿದ್ದಿ ಬರತಿತ್ತೇನ್ರಿ?”

ಈ ಪ್ರಶ್ನೆ ಬಾಯಿಪಾಠದಲ್ಲಿ ಇರಲಿಲ್ಲ. ಕಸ್ತೂರೆಮ್ಮ ಏನೋ ಹೇಳಲು ಹೋದಳು, ಬೇರೆಯೇ ಮಾತು ಬಂತು.

“ಇಲ್ರಿ. ನಂಗ ಒಬ್ಬಾಕಿ ಅಕ್ಕ ಇದ್ಲರಿ. ಹತ್ತೊಂಬತ್ತ ವರ್ಷದಾಕಿ. ಹೊಲದಾಗ ಕಸ ತೆಗಿಯೂಮುಂದ ನನ್ನ ಮುಂದ ಒಂದ ಮಾತ ಹೇಳಿದ್ಲು. ಯಾರ ಮುಂದೂ ಬಾಯಿ ಬಿಡಬ್ಯಾಡ ಅಂದಿದ್ಲು. ನಂಗ ಆಗ ಹನ್ನೆರಡ. ಅವ್ವ ಎರಡ ಸಲ ಕೇಳಿದ್ಲು, ಹೇಳಿಬಿಟ್ಟೆ. ಅಪ್ಪ ಬಡದ. ಅಕ್ಕ ಅವತ್ತಿಂದ ಮಾತ ಬಿಟ್ಲು, ಉಣ್ಣೂದ ಬಿಟ್ಲು. ಎಂಟ ದಿನಕ್ಕ ಬಾವ್ಯಾಗ…”

ಮೂವತ್ತೆರಡು ವರ್ಷ ಗಂಡನಿಗೂ ಹೇಳದೆ ಇಟ್ಟುಕೊಂಡದ್ದು ಅದು. ಸೆರಗು ಬಾಯಿಗೆ ತುರುಕಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಶೋಭಾರಾಣಿ ನೀರು ಕೊಟ್ಟಳು. ಅಳು ಇಳಿದ ಮೇಲೆ, “ಇನ್ನ ಮುಂದ ಏನ್ ಆಗಬೇಕು ಅನಸ್ತೈತ್ರಿ ನಿಮಗ?” ಎಂದು ಕೇಳಿದಳು.

ಕಸ್ತೂರೆಮ್ಮ ಮುಖ ಒರೆಸಿಕೊಂಡವಳೇ ಗಾಬರಿಯಾದಳು. “ಮೇಡಂ, ಇದನ್ನ ನನ್ನ ಮಗಳ ಮುಂದ ಹೇಳಗೀಳೀರಿ ಮತ್ತ!”

“ಇಲ್ರಿ. ಮಗಳಿಗೂ ಹೇಳೂದಿಲ್ಲ.”

ಹನ್ನೆರಡನೆಯ ವಯಸ್ಸಿನಲ್ಲಿ ತಾನು ಮಾಡಿದ್ದನ್ನೇ ಈ ಹೆಂಗಸೂ ಮಾಡಲಿ ಎಂದು ನಾಲ್ಕು ವಾರದಿಂದ ಕಾದು ಕೂತಿದ್ದೆನಲ್ಲ ಎಂದು ಆಗ ಅವಳಿಗೆ ಹೊಳೆಯಿತು. ಕೇಳಲು ಬಂದದ್ದನ್ನು ಕೇಳದೆಯೇ ಎದ್ದು ಬಂದಳು.

ಮನೆ ಮುಟ್ಟಿದಾಗ ಶ್ವೇತಾ ಹೊಸ್ತಿಲಲ್ಲಿ ನಿಂತಿದ್ದಳು. ತಾಯಿಯ ಖಾಲಿ ಚೀಲ ನೋಡಿದಳು, ಕೈಯಲ್ಲಿದ್ದ ಕೊಪ್ಪಳದ ಬಸ್ ಟಿಕೀಟು ನೋಡಿದಳು, ಮುಖ ನೋಡಿದಳು.

“ಸಂತಿ ಅಂತ ಹೇಳಿ ಮೇಡಂ ಕಡೆ ಹೋಗಿದ್ದಿ. ನನ್ನ ಬಗ್ಗೆ ಏನ್ ಕೇಳಿದಿ?”

ಆ ಕಣ್ಣಲ್ಲಿ ಇದ್ದದ್ದು ಕಸ್ತೂರೆಮ್ಮನದೇ ಗುಮಾನಿ. ನಾಲಿಗೆಯ ತುದಿಗೆ ಒಂದು ಸುಳ್ಳು ಬಂದೇ ಬಿಟ್ಟಿತ್ತು. ಅವಳು ಅದನ್ನು ನುಂಗಿದಳು.

“ಕೇಳಾಕಂತನ ಹೋಗಿದ್ದೆವಾ. ಕೇಳಲಿಲ್ಲ, ಇನ್ನ ಕೇಳೂದೂ ಇಲ್ಲ. ನಿನಗ ಹೇಳಬೇಕನಿಸಿದಾಗ ಹೇಳು. ಈಗ ನಾ ಒಂದು ಹೇಳತೀನಿ, ಕೂಡು.” ಚೀಲ ಕೆಳಗಿಟ್ಟು ತಾನೂ ಹೊಸ್ತಿಲ ಮೇಲೆ ಕೂತಳು. “ನಿನಗ ಒಬ್ಬಾಕಿ ದೊಡ್ಡವ್ವ ಇದ್ಲು.”

ಹತ್ತೊಂಬತ್ತು ವರ್ಷ ಅದೇ ತಾಯಿಯ ಮಗಳಾಗಿ ಬೆಳೆದರೂ ಶ್ವೇತಾ ಈ ಮಾತು ಕೇಳಿದವಳಲ್ಲ. ತಾಯಿಯ ಪಕ್ಕದಲ್ಲಿ, ಮೈಗೆ ಮೈ ತಾಗುವಷ್ಟು ಹತ್ತಿರ ಕೂತಳು.

“ಅಕಿ ಹೆಸರೇನ್ ಬೇ ಯವ್ವಾ?”

“ಶರಣಬಸಮ್ಮ,” ಎಂದಳು ಕಸ್ತೂರೆಮ್ಮ.