ಬೆಳೆಯಲಿಕ್ಕೆ ಬಿಟ್ಟ ಬಟ್ಟೆ

ಶಾಲೆಯ ಆಟೋಟಕ್ಕೆ ಮೂವತ್ತೆಂಟು ಜೊತೆ ಅಂಗಿ, ಚಡ್ಡಿ ಹೊಲಿಯುವ ಕೆಲಸ ಅಕ್ಕನಿಗೆ ಸಿಕ್ಕಿತು. ಅಳತೆ ಪುಸ್ತಕ ಬರೆದವಳು ಅದೇ ಶಾಲೆಯಲ್ಲಿ ಓದುವ ಅವಳ ಹತ್ತು ವರ್ಷದ ಮಗಳು. ಅಕ್ಕ ತರಗತಿಯ ಬಾಗಿಲಲ್ಲಿ ಕೂತು ಒಬ್ಬೊಬ್ಬರಿಗೇ ಟೇಪು ಸುತ್ತಿ ಕೂಗುವುದು, ಇವಳು ದುಂಡಗೆ ಬರೆಯುವುದು: ಸೊಂಟ ಇಪ್ಪತ್ಮೂರು, ಇಪ್ಪತ್ನಾಲ್ಕು, ಇಪ್ಪತ್ಮೂರು.

ಕೊನೆಗೆ ಅಕ್ಕ ಟೇಪನ್ನು ಕೊರಳಿಗೆ ಹಾಕಿಕೊಳ್ಳುತ್ತ, “ನಿಂದೇನು ಅಳೆಯೋದು, ನಂಗೆ ಬಾಯಿಪಾಠ. ಮೂವತ್ತೊಂದು ಅಂತ ಬರಿ” ಎಂದಳಂತೆ.

ನಾನು ಅಕ್ಕನ ಮನೆಯಲ್ಲೇ ಇದ್ದು ಗುಂಡಿ, ಕಾಜಾ ನೋಡಿಕೊಳ್ಳುವವಳು. ಸೂಜಿ ಹಿಡಿದೇ ಎಲ್ಲೋ ಕಳೆದುಹೋಗುತ್ತೇನೆಂದು ಬೈಸಿಕೊಳ್ಳುವವಳೂ ಹೌದು. ಆದರೂ ನನಗೆ ಕಂಡಿತು. ಹುಡುಗಿ ತಟ್ಟೆಯಲ್ಲಿ ಅರ್ಧ ಬಿಟ್ಟು ಏಳುತ್ತಿದ್ದಳು. ಸುಡುವ ಬಿಸಿಲಲ್ಲೂ ಸ್ವೆಟರ್ ಬಿಚ್ಚುತ್ತಿರಲಿಲ್ಲ. ಒಣಗಿದ ಬಟ್ಟೆ ತರಲು ನಾಲ್ಕು ಮಹಡಿ ಒಂದೇ ಉಸಿರಿಗೆ ಹತ್ತುತ್ತಿದ್ದವಳು, ಈಗ ಗೋಡೆಗೆ ಅಂಟಿಕೊಂಡು ಒಂದೊಂದೇ ಮೆಟ್ಟಿಲು ಏರುತ್ತಿದ್ದಳು.

ಎರಡು ವಾರದ ಮೇಲೆ ಆಟದ ಮೇಷ್ಟ್ರು ಬಟ್ಟೆಗಳ ಗಂಟು ಒಯ್ಯಲು ಬಂದರು.

“ನಿಮ್ಮ ಹುಡುಗಿ ರಿಲೇ ಓಟದಿಂದ ಹೆಸರು ತೆಗೆಸಿದಾಳಲ್ಲಮ್ಮ. ಹೊಟ್ಟೆನೋವಂತೆ. ಕೊನೇ ಸುತ್ತು ಅವಳದೇ. ನಾಳೆ ಬೆಳಗ್ಗೆ ತನಕ ಕಾಯ್ತೀನಿ, ಆಮೇಲೆ ಬೇರೆಯವರನ್ನ ಹಾಕಲೇಬೇಕು.”

ಅವರು ಹೋದ ಮೇಲೆ ಅಕ್ಕ ಮಿಷಿನ್ನು ನಿಲ್ಲಿಸಿದಳು. “ಏನೇ ಇದು?”

“ಓಡಿದ್ರೆ ಅಲ್ಲಾಡುತ್ತೆ. ಎಲ್ಲರೂ ನೋಡ್ತಾರೆ.”

“ಏನು ಅಲ್ಲಾಡುತ್ತೆ?”

“ನಾನು.”

ಅಳತೆ ಪುಸ್ತಕ ತಂದು ಮೂವತ್ತೊಂದರ ಮೇಲೆ ಬೆರಳಿಟ್ಟಳು. ಬೆರಳು ಎಷ್ಟು ಸಲ ಅಲ್ಲಿ ಕೂತಿತ್ತೋ, ಅಂಕಿ ಮಸುಕಾಗಿತ್ತು.

ಅಕ್ಕ ನಕ್ಕುಬಿಟ್ಟಳು. “ಅಯ್ಯೋ ಹುಚ್ಚಿ, ಅದು ನಿನ್ನ ಸೊಂಟ ಅಲ್ಲ ಕಣೆ, ನಾನು ಕತ್ತರಿಸೋ ಬಟ್ಟೆ. ಬೆಳೀತೀಯ ಅಂತ ನಿಂದಕ್ಕೆ ನಾಲ್ಕು ಇಂಚು ಜಾಸ್ತಿ ಒಳಗೆ ಮಡಚಿಡ್ತೀನಲ್ಲ. ಬೇರೆ ಮಕ್ಕಳದ್ದು ಮೈ ಅಳತೆ.” ಟೇಪು ಸುತ್ತಿ ತೋರಿಸಿದಳು. “ಇಪ್ಪತ್ತೇಳು. ಆಯ್ತಾ?”

ಹುಡುಗಿ ಪುಸ್ತಕದ ಮೇಲಿಂದ ಕೆಳಗೆ ನೋಡಿದಳು. “ಆದ್ರೂ ಎಲ್ಲರಿಗಿಂತ ಜಾಸ್ತೀನೇ.”

ಅಕ್ಕನ ನಗು ನಿಂತಿತು.

ನಾನು ಬಾಯಿ ಹಾಕಿದೆ. “ನಮ್ಮಜ್ಜಿ ಒಂದು ಕಥೆ ಹೇಳ್ತಿದ್ಲು. ಒಬ್ಬಳು ಹುಡುಗಿ ಸಂಜೆ ಹೊತ್ತು ತನ್ನ ನೆರಳು ಅಳೆದುಕೊಂಡಳಂತೆ. ಇಷ್ಟುದ್ದ ಇದೀನಿ, ಒಳಗೆ ಹೋದ್ರೆ ಬಾಗಿಲು ಮುರಿಯುತ್ತೆ ಅಂತ ಅಂಗಳದಲ್ಲೇ…”

“ಕಥೆ ಬೇಡ ಚಿಕ್ಕಮ್ಮ. ಅವಳು ನಿಜವಾಗ್ಲೂ ಅಷ್ಟು ದೊಡ್ಡಕ್ಕಿರಲಿಲ್ಲ. ನಾನಿದೀನಿ.”

ಅಜ್ಜಿಯ ಕಥೆ ಯಾರ ಮುಂದೆಯೂ ಹೀಗೆ ಸೋತದ್ದು ನನಗೆ ನೆನಪಿಲ್ಲ.

ಅಕ್ಕನಿಗೆ ಗೊತ್ತಿರುವುದು ಟೇಪು ಒಂದೇ. ಅದನ್ನೇ ಮಗಳ ಎದೆಗೆ ಸುತ್ತಿದಳು. “ಪೂರ್ತಿ ಉಸಿರು ಬಿಡು. ಹ್ಞಾಂ, ಇಪ್ಪತ್ತೆಂಟು. ಈಗ ಎಳಕೋ.” ಟೇಪು ಅವಳ ಬೆರಳುಗಳ ನಡುವೆ ಸರಿಯಿತು, ಇನ್ನೂ ಸರಿಯಿತು. “ಮೂವತ್ತೂವರೆ. ಎರಡೂವರೆ ಇಂಚು ಗಾಳಿ. ಚಿಕ್ಕಮ್ಮಂದು ನೋಡೋಣ.”

ನಾನು ಕಣ್ಣು ಮುಚ್ಚಿ, ಭುಜ ಎತ್ತಿ, ಎಲ್ಲ ಕಸರತ್ತು ಮಾಡಿದರೂ ಒಂದೇ ಇಂಚು.

“ಚಿಕ್ಕಮ್ಮ, ನೀನು ಬದುಕಿದೀಯ ತಾನೆ?”

ವಾರಗಳ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ಆಮೇಲೆ ಅಮ್ಮನದನ್ನೂ ತಾನೇ ಅಳೆದಳು. ಹಗಲೆಲ್ಲ ಮಿಷಿನ್ನಿಗೆ ಬಾಗಿ ಕೂರುವ ಅಕ್ಕನದು ಮುಕ್ಕಾಲು ಇಂಚು. ಸೊಂಟದ ಸಾಲಿನ ಪಕ್ಕ ಹೊಸ ಗೆರೆ ಎಳೆದು ‘ಉಸಿರು’ ಎಂದು ಬರೆದಳು. ಇಪ್ಪತ್ತೇಳನ್ನೂ ಬರೆದಳು, ಬಿಡಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ತನ್ನ ಚಡ್ಡಿ ತಂದಿಟ್ಟಳು. “ಅಮ್ಮ, ಒಳಗಿನ ಮಡಿಕೆ ತೆಗೆದುಬಿಡು. ಓಡೋವಾಗ ಒತ್ತುತ್ತೆ.”

“ಮುಂದಿನ ವರ್ಷಕ್ಕೆ ಬೇಡ್ವಾ?”

“ಮುಂದಿನ ವರ್ಷ ಬೇರೆ ಹೊಲಿ.”

ಹೆಚ್ಚಿನ ಬಟ್ಟೆಯನ್ನು ಕತ್ತರಿಸಿ ಗೊತ್ತಿಲ್ಲದ ಅಕ್ಕ ಕತ್ತರಿ ಹಿಡಿದು ಬಹಳ ಹೊತ್ತು ಕೂತಳು. ಕೊನೆಗೆ ಕತ್ತರಿಸಿದಳು.

ಬೆಳಗ್ಗೆ ಹುಡುಗಿ ಸ್ವೆಟರ್ ತೊಟ್ಟೇ ಹೊರಟಳು. ಆಟೋಟ ನೋಡಲು ನಾನೂ ಜೊತೆಗೆ ಹೊರಟೆ. ಮೈದಾನದಲ್ಲಿ ಮೇಷ್ಟ್ರು ಪಟ್ಟಿಗೆ ಅವಳ ಹೆಸರು ಮತ್ತೆ ಸೇರಿಸಿದರು. ಮೂರನೆಯವಳು ಕೋಲು ಹಿಡಿದು ತಿರುವಿನಲ್ಲಿ ಬರುತ್ತಿದ್ದಳು. ಇವಳು ಗೆರೆಯ ಮೇಲೆ ನಿಂತು ಒಮ್ಮೆ ಎಲ್ಲರ ಕಡೆ, ಒಮ್ಮೆ ತನ್ನ ಹೊಟ್ಟೆಯ ಕಡೆ ನೋಡಿಕೊಂಡಳು. ಸರಕ್ಕನೆ ಸ್ವೆಟರ್ ಎಳೆದು ನನ್ನತ್ತ ಎಸೆದಳು.

“ಹಿಡ್ಕೋ ಚಿಕ್ಕಮ್ಮ. ಸೆಖೆ.”

ಆಮೇಲೆ ಉಸಿರು ಎಳೆದುಕೊಂಡು, ಕೈಯನ್ನು ಹಿಂದಕ್ಕೆ ಚಾಚಿದಳು.