ಅಜ್ಜಿಯ ಗಿಡ್ಡ ಕುರ್ಚಿ

ರಾಜ್ಯಗಳು ಉರುಳಿವೆ, ಸಿಂಹಾಸನಗಳು ಕೈಬದಲಾಗಿವೆ. ಅವುಗಳ ಸಾಲಿನಲ್ಲೇ ಇಟ್ಟು ನೋಡಬೇಕಾದ ಸಂಗತಿಯೊಂದಿದೆ: ಶನಿವಾರ ಬೆಳಿಗ್ಗೆ ಅಜ್ಜಿಯ ಕುರ್ಚಿ ಮನೆಯಿಂದ ಕಾಣೆಯಾಯಿತು.

ಅಜ್ಜಿ ಕುಳ್ಳಿ. ಯಾವ ಕುರ್ಚಿಯಲ್ಲಿ ಕೂತರೂ ಕಾಲು ಗಾಳಿಯಲ್ಲಿ ತೂಗುತ್ತಿತ್ತು. ಬಡಗಿಯಾಗಿದ್ದ ಅಜ್ಜ ಮದುವೆಯಾದ ಹೊಸತರಲ್ಲೇ ಒಂದು ಕುರ್ಚಿಯ ನಾಲ್ಕೂ ಕಾಲನ್ನು ಗೇಣುದ್ದ ಕೊಯ್ದು ಕೊಟ್ಟಿದ್ದ. ಬೇರೆಯವರು ಅದರಲ್ಲಿ ಕೂತರೆ ಮೊಣಕಾಲು ಗಲ್ಲಕ್ಕೆ ಬರುತ್ತಿತ್ತು. ಹಾಗಾಗಿ ಮೊಮ್ಮಗಳ ಕಣ್ಣಿಗೆ ಅದು ಯಾರಿಗೂ ಬೇಡದ ಸಾಮಾನು.

ಬಡಾವಣೆಯ ಸಮುದಾಯ ಭವನದಲ್ಲಿ ಹರೆಯದವರಿಗೆ ದಯೆಯನ್ನೂ ದಾನದ ಮುಂದಾಳತ್ವವನ್ನೂ ಕಲಿಸುವ ತರಗತಿ ನಡೆಯುತ್ತಿತ್ತು. ಕಲಿಸುವವರು ನಿವೃತ್ತ ಡ್ರಿಲ್ ಮೇಷ್ಟ್ರು. ದಯೆಯನ್ನೂ ಸಾಲಾಗಿ ನಿಲ್ಲಿಸಿಯೇ ಕಲಿಸುತ್ತಿದ್ದರು. ಆ ವಾರದ ಪಾಠ ‘ದಾನ ಮನೆಯಿಂದಲೇ ಶುರು’. ಆ ವಾರದ ಮುಂದಾಳಾಗಿ ಹೆಗಲಿಗೆ ಹಸಿರು ಪಟ್ಟಿ ಹಾಕಿಕೊಂಡಿದ್ದವಳು ಮೊಮ್ಮಗಳು. ಮುಂದಾಳು ಬರಿಗೈಯಲ್ಲಿ ಹೋಗುವುದುಂಟೆ? ಅತ್ತೆಯ ಒಡವೆಯನ್ನು ಅಳಿಯ ದಾನ ಮಾಡಿದನಂತೆ. ಈ ಮನೆಯಲ್ಲಿ ಅಳಿಯ ಇರಲಿಲ್ಲ, ಅಷ್ಟೇ.

ಅಜ್ಜಿ ಸ್ನಾನ ಮುಗಿಸಿ ಬಂದಳು. ಕಿಟಕಿಯ ಪಕ್ಕ ಬರೀ ನೆಲ. ಸೋಫಾದಲ್ಲಿ ಕೂತಳು, ಎದ್ದಳು. ಮಂಚದ ಅಂಚಿನಲ್ಲಿ ಕೂತಳು, ಎದ್ದಳು. ಬಾಗಿಲಿಗೆ ಹೋಗಿ ಬಂದಳು.

“ಒಂದು ಕಡೆ ಕೂತ್ಕೋಬಾರದಾ ಅಮ್ಮ?” ಎಂದ ಮಗ.

“ಎಲ್ಲಿ, ನಿನ್ನ ತಲೆ ಮೇಲಾ?”

ತನ್ನ ಮಗಳು ಕುರ್ಚಿಯನ್ನು ಭವನಕ್ಕೆ ಹೊತ್ತುಕೊಂಡು ಹೋದದ್ದನ್ನು ಅವನು ಆಗ ಬಾಯಿಬಿಟ್ಟ. ಅಜ್ಜಿ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.

ಭವನದಲ್ಲಿ ದಾನದ ಸಾಮಾನುಗಳು ಗೋಡೆಯುದ್ದಕ್ಕೂ ಅಟೆನ್ಷನ್‌ನಲ್ಲಿ ನಿಂತಿದ್ದವು. ಕೊನೆಯಲ್ಲಿ ಕುರ್ಚಿ. ದಾನ ಪಡೆಯಲು ಬಂದಿದ್ದ ರಸ್ತೆ ತಿರುವಿನ ಚಪ್ಪಲಿ ರಿಪೇರಿಯಾತ ಆಗಲೇ ಅದರಲ್ಲಿ ಕೂತು ನೋಡುತ್ತಿದ್ದ. ಹಗಲೆಲ್ಲ ಎಣ್ಣೆ ಡಬ್ಬದ ಮೇಲೆ ಕೂತು ಹೊಲಿಯುವ ಮನುಷ್ಯ. ಮೊಣಕಾಲು ಮೇಲಿರುವುದೇ ಅವನ ಕಸುಬಿಗೆ ಬೇಕು. ಮಡಿಲಲ್ಲಿ ಚಪ್ಪಲಿ ನಿಲ್ಲಬೇಕಲ್ಲ. ಬೆನ್ನಿಗೆ ಒರಗು ಸಿಕ್ಕಿದ್ದೇ ಅವನ ಕಣ್ಣು ತಾನಾಗಿ ಮುಚ್ಚಿತು.

ಮೊಮ್ಮಗಳು ಓಡಿಬಂದಳು. “ಅಜ್ಜಿ, ನೀನ್ಯಾಕೆ ಬಂದೆ?”

“ಕೂರೋಕೆ.”

“ಎಲ್ಲರ ಮುಂದೆ ನಂದು ಅನ್ಬೇಡ, ಪ್ಲೀಸ್. ನನ್ನ ಮಾನ ಹೋಗುತ್ತೆ.”

“ನನ್ನ ಕುರ್ಚಿ ಹೋಗಿದೆ. ನಿನ್ನ ಮಾನಾನೂ ಹೋದ್ರೆ ಸರಿಸಮ ಆಯ್ತು.”

“ಏನಲ್ಲಿ ಗುಸುಗುಸು?” ಎಂದರು ಮೇಷ್ಟ್ರು. “ಮುಂದಾಳು ಗಟ್ಟಿಯಾಗಿ ಮಾತಾಡಬೇಕು!”

ಮೊಮ್ಮಗಳು ಹಸಿರು ಪಟ್ಟಿಯ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. “ಸರ್, ಈ ಕುರ್ಚಿ ಅಜ್ಜೀದು. ಕೇಳದೇ ತಂದುಬಿಟ್ಟೆ.”

ಚಪ್ಪಲಿಯಾತ ಕೆಂಡದ ಮೇಲೆ ಕೂತವನಂತೆ ಎದ್ದ. “ಗೊತ್ತಿರಲಿಲ್ಲಮ್ಮ. ತಗೊಳ್ಳಿ, ಕೂತ್ಕೊಳ್ಳಿ.”

ಅಜ್ಜಿ ಕುರ್ಚಿಯನ್ನು ನೋಡಿದಳು. ಆತ ಬೆನ್ನು ಒತ್ತಿಕೊಳ್ಳುತ್ತಿದ್ದುದನ್ನೂ ನೋಡಿದಳು.

“ಒರಗು ಹಿತವಾಗಿತ್ತಾ?”

“ಸುಳ್ಳು ಯಾಕೆ ಹೇಳ್ಲಿ? ನಿದ್ದೆ ಬಂತು.”

“ಹಾಗಾದ್ರೆ ಹೊತ್ಕೊಂಡು ಹೋಗು. ಇವಳು ನನ್ನ ಕೇಳ್ಲಿಲ್ಲ. ನೀನಾದರೂ ಕೇಳು.”

“ತಗೊಂಡು ಹೋಗ್ಲಾ ಅಮ್ಮ?”

“ಹೂಂ.”

ಮೇಷ್ಟ್ರು ಒಂದು, ಎರಡು, ಮೂರು ಎಂದು ಎಣಿಸಿ ಎಲ್ಲರಿಂದ ಚಪ್ಪಾಳೆ ಹೊಡೆಸಿದರು. ಪಟ್ಟಿ ಮಾತ್ರ ಮೊಮ್ಮಗಳ ಹೆಗಲಿಂದ ಇಳಿದು ಇನ್ನೊಬ್ಬನ ಹೆಗಲೇರಿತು.

ಕೊಟ್ಟದ್ದೇನೋ ಆಯಿತು, ಕೂರುವುದು ಆಗಲಿಲ್ಲ. ಮೊಮ್ಮಗಳು ಎಲ್ಲಿಂದಲೋ ಮಣೆ ತಂದಳು, ಬೆತ್ತದ ಸ್ಟೂಲು ತಂದಳು, ಸೋಫಾದ ಕಾಲನ್ನೇ ಕೊಯ್ಯೋಣ ಅಂದು ಅಪ್ಪನ ಹತ್ತಿರ ಬೈಸಿಕೊಂಡಳು. ಅಜ್ಜಿ ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಅಡುಗೆಮನೆ, ಹಜಾರ, ಬಾಗಿಲು, ಮತ್ತೆ ಅಡುಗೆಮನೆ ಸುತ್ತುತ್ತಿದ್ದಳು. ಕೊನೆಗೊಂದು ಮಧ್ಯಾಹ್ನ ಗಟ್ಟಿಮುಟ್ಟಾಗಿದ್ದ ತನ್ನ ಚಪ್ಪಲಿಯ ಬಾರನ್ನು ತಾನೇ ಕಿತ್ತು, ರಸ್ತೆ ತಿರುವಿಗೆ ನಡೆದಳು.

“ಎರಡು ಹೊಲಿಗೆ ಕೆಲಸ,” ಎಂದ ಆತ.

“ಅವಸರ ಇಲ್ಲ. ನಿಧಾನಕ್ಕೆ ಹಾಕು.”

ಆತ ಅವಳನ್ನೂ ಚಪ್ಪಲಿಯನ್ನೂ ನೋಡಿ, ಎದ್ದು, ಕುರ್ಚಿಯನ್ನು ಅವಳತ್ತ ತಳ್ಳಿದ. ಮರುದಿನ ಇನ್ನೊಂದು ಚಪ್ಪಲಿಯ ಬಾರು ಹೋಯಿತು. ಆಮೇಲೆ ಮಗನ ಬೂಟು. ಅದೂ ಮುಗಿದ ಮೇಲೆ ಮೊಮ್ಮಗಳು ಅಕ್ಕಪಕ್ಕದ ಮನೆಗಳಲ್ಲಿ ಕೇಳಿಯೇ ಹರಿದ ಚಪ್ಪಲಿಗಳನ್ನು ತಂದುಕೊಡತೊಡಗಿದಳು.

ಅಜ್ಜಿ ಈಗ ದಿನಾ ಮಧ್ಯಾಹ್ನ ತನ್ನ ಕುರ್ಚಿಯಲ್ಲಿ ಕೂರುತ್ತಾಳೆ. ಅಷ್ಟು ಹೊತ್ತು ಚಪ್ಪಲಿಯಾತ ಎಣ್ಣೆ ಡಬ್ಬದ ಮೇಲೆ ಕೂರುತ್ತಾನೆ.