ಕನ್ನಡಿಯ ಮೇಲಿನ ನೀರು

ತಮ್ಮನ ಮಗಳು ಬ್ಯೂಟಿ ಪಾರ್ಲರ್ ನಡೆಸುತ್ತಲೇ ರಸಾಯನಶಾಸ್ತ್ರದ ಪರೀಕ್ಷೆಗೆ ಕಟ್ಟಿದ್ದಾಳೆ. ಅವಳು ನನ್ನ ಕೂದಲು ಕತ್ತರಿಸುತ್ತಿದ್ದಳು, ನಾನು ಕುರ್ಚಿಯಲ್ಲಿ ಕೂತು ಸಮೀಕರಣ ಸರಿದೂಗಿಸುವ ಪಾಠ ಹೇಳುತ್ತಿದ್ದೆ. “ಭುಜದ ತನಕ ಬಿಡೇ” ಎಂದು ಮೊದಲೇ ಹೇಳಿದ್ದೆ.

ಎಡಗಡೆಯ ಕೂದಲು ಮುಗಿಸಿ, ಲಿಪ್‌ಸ್ಟಿಕ್ಕಿನಿಂದ ಕನ್ನಡಿಯ ಮೇಲೆ H₂ + O₂ → H₂O ಎಂದು ಬರೆದಳು.

“ಬಲಗಡೆ ಒಂದು ಆಮ್ಲಜನಕ ಕಡಿಮೆ ಅತ್ತೆ,” ಎನ್ನುತ್ತಾ O ಪಕ್ಕ ಪುಟ್ಟದೊಂದು 2 ಸೇರಿಸಿದಳು. H₂O₂!

ನನಗೆ ಪಿತ್ತ ನೆತ್ತಿಗೇರಿತು. “ಅಯ್ಯೋ ಮಹರಾಯ್ತಿ, ಅದು ನೀನು ಕೂದಲಿನ ಬಣ್ಣ ತೆಗೆಯೋ ಪೆರಾಕ್ಸೈಡು! ನೀರು ಕೇಳಿದೋರಿಗೆ ಅದನ್ನ ಕುಡಿಸ್ತೀಯಾ? ಒಳಗಿನ ಅಂಕಿ ಮುಟ್ಟಬೇಡ, ಮುಂದೆ ಹಾಕು.”

ನಾಲಿಗೆ ಕಚ್ಚಿಕೊಂಡು ಅದನ್ನು ಅಳಿಸಿ, H₂O ಮುಂದೆ 2 ಬರೆದಳು. ಆಮ್ಲಜನಕ ಸರಿಹೋಯಿತು. “ಈಗ ಬಲಗಡೆ ಜಲಜನಕ ನಾಲ್ಕಾಯ್ತು,” ಎಂದು ಎಡಗಡೆಯ H₂ ಮುಂದೆಯೂ 2 ಹಾಕಿದಳು. 2H₂ + O₂ → 2H₂O.

“ಭೇಷ್! ಎರಡೂ ಕಡೆ ಸಮ!” ಎಂದು ಬೀಗಿದೆ.

ಆಗ ಸಮೀಕರಣದ ಕೆಳಗೆ ನನ್ನ ಮುಖ ಕಂಡಿತು. ಎಡಗಡೆಯ ಕೂದಲು ಕಿವಿಯ ಹತ್ತಿರವೇ ನಿಂತಿತ್ತು.

“ಇದಕ್ಕೇನು ಸೇರಿಸ್ತೀಯೇ ಈಗ?”

“ಇಲ್ಲಿ ಸೇರಿಸೋಕಾಗಲ್ಲ ಅತ್ತೆ, ಕಳೀಲೇಬೇಕು,” ಎಂದವಳೇ ಬಲಗಡೆಗೂ ಕತ್ತರಿ ಹಾಕಿದಳು.